ಸೂಜಿ ಚುಚ್ಚಿದ ಮೇಲಿನ ಎರಡು ಗಂಟೆ

ಬಳಸಿದ ಸೂಜಿ ಬೆರಳಿಗೆ ಚುಚ್ಚಿದರೆ ಬರುವುದು ಒಂದೆರಡು ಹನಿ ರಕ್ತ. ಉರಿ ಐದು ನಿಮಿಷದಲ್ಲಿ ಇಳಿದುಹೋಗುತ್ತದೆ. ಸಂಜೆಯ ಹೊತ್ತಿಗೆ ಎಲ್ಲಿ ಚುಚ್ಚಿತ್ತು ಎಂದು ಹುಡುಕಿದರೂ ಕಾಣುವುದಿಲ್ಲ. ಹಾಗಾಗಿಯೇ ಆಸ್ಪತ್ರೆಯಲ್ಲಿ ದುಡಿಯುವವರು ಇದನ್ನು ಗಾಯವೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಆ ಸೂಜಿ ಅದಕ್ಕೂ ಮುಂಚೆ ಇನ್ನೊಬ್ಬರ ರಕ್ತನಾಳದಲ್ಲಿತ್ತು. ಅಲ್ಲಿ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಅಥವಾ ಎಚ್‌ಐವಿ ಇದ್ದಿದ್ದರೆ ಅದು ಈಗ ಈ ಬೆರಳಿನೊಳಗೆ ಕಾಲಿಟ್ಟಿರಬಹುದು. ಎಚ್‌ಐವಿಯನ್ನು ತಡೆಯುವ ಔಷಧ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತದೆ. ಆದರೆ ಅದಕ್ಕೆ ಹೊತ್ತು ಗೊತ್ತಿದೆ: ಮೊದಲ ಮಾತ್ರೆ ಎರಡು ಗಂಟೆಯೊಳಗೆ ಹೊಟ್ಟೆ ಸೇರಿದರೆ ಒಳ್ಳೆಯದು, 72 ಗಂಟೆ ದಾಟಿದರೆ ಕೊಟ್ಟೂ ಉಪಯೋಗವಿಲ್ಲ.

ದಾವಣಗೆರೆಯಿಂದ ಜಗಳೂರಿಗೆ ಹೋಗುವ ಹಾದಿಯಲ್ಲಿ ಸಿಗುವ ಬಿಳಿಚೋಡು, ಜಗಳೂರು ತಾಲ್ಲೂಕಿನ ಹೋಬಳಿ ಕೇಂದ್ರ. ಸುತ್ತಮುತ್ತ ಮಳೆ ನಂಬಿದ ಹೊಲಗಳು, ಮೆಕ್ಕೆಜೋಳ, ಶೇಂಗಾ, ಬಯಲಲ್ಲಿ ಕುರಿ ಹಿಂಡು. ಇಂಥ ಹೋಬಳಿಯಲ್ಲಿ ಸೂಜಿ ಹಿಡಿಯುವ, ಸೂಜಿಗೆ ಸಿಗುವ ಕೈಗಳನ್ನು ಎಣಿಸಿ ನೋಡಿ. ಹೆರಿಗೆ ಮಾಡಿಸುವ ಸ್ಟಾಫ್ ನರ್ಸ್, ಹಳ್ಳಿಹಳ್ಳಿಗೆ ಲಸಿಕೆ ಡಬ್ಬಿ ಹೊತ್ತೊಯ್ಯುವ ಆರೋಗ್ಯ ಸಹಾಯಕಿ, ರಕ್ತ ತೆಗೆಯುವ ಲ್ಯಾಬ್ ಟೆಕ್ನಿಷಿಯನ್, ವಾರ್ಡ್ ಗುಡಿಸುವ ಗ್ರೂಪ್ ಡಿ ನೌಕರ, ಆಂಬುಲೆನ್ಸ್ ಸಿಬ್ಬಂದಿ, ಪಂಚಾಯಿತಿಯ ಕಸದ ಗಾಡಿಯಲ್ಲಿ ಬರುವ ಹೆಣ್ಣುಮಕ್ಕಳು, ದನಕುರಿಗೆ ಲಸಿಕೆ ಹಾಕುವ ಪಶುವೈದ್ಯ ಸಿಬ್ಬಂದಿ, ತಾನೇ ಸಿರಿಂಜು ಹಿಡಿಯುವ ಕುರಿಗಾಹಿ, ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಅಜ್ಜ, ಅವನ ಸೂಜಿ ಎತ್ತಿಡುವ ಸೊಸೆ. ಇವರಲ್ಲಿ ಯಾರಿಗೆ ಬೇಕಾದರೂ ಇವತ್ತೇ ಚುಚ್ಚಬಹುದು.

ಎಚ್‌ಐವಿ ಚಿಕಿತ್ಸೆಯ ಎಆರ್‌ಟಿ ಕೇಂದ್ರ, ತಜ್ಞ ವೈದ್ಯರು, ದಿನದ ಎಲ್ಲ ಹೊತ್ತೂ ತೆರೆದಿರುವ ತುರ್ತು ವಿಭಾಗ, ಇವೆಲ್ಲ ಇರುವುದು ದಾವಣಗೆರೆಯಲ್ಲಿ. ಅಲ್ಲಿನ ಚಿಗಟೇರಿ ಜಿಲ್ಲಾ ಆಸ್ಪತ್ರೆಯನ್ನು ಈ ಸೀಮೆಯವರೆಲ್ಲ ಬಲ್ಲರು. ಬಿಳಿಚೋಡಿನಿಂದ ದಾವಣಗೆರೆಗೆ ಎರಡು ಗಂಟೆಯ ದಾರಿಯೇನಲ್ಲ. ಚುಚ್ಚಿದ ಕೂಡಲೇ ಹೊರಟರೆ ಹೊತ್ತಿಗೆ ಮುಂಚೆಯೇ ತಲುಪಬಹುದು. ಹಾಗಾದರೆ ಹೊತ್ತು ಹಾಳಾಗುವುದು ಎಲ್ಲಿ? ರಸ್ತೆಯಲ್ಲಿ ಹಾಳಾಗುವುದಕ್ಕಿಂತ ಹೆಚ್ಚು ಹಾಳಾಗುವುದು ಚುಚ್ಚಿಸಿಕೊಂಡವರ ಮೌನದಲ್ಲಿ.

ಬಾಯಿ ಬಿಡದ ಕಾರಣಗಳು

ಸೂಜಿ ಚುಚ್ಚಿಸಿಕೊಂಡ ಸಿಬ್ಬಂದಿಯಲ್ಲಿ ಬಹಳಷ್ಟು ಮಂದಿ ಅದನ್ನು ಯಾರಿಗೂ ಹೇಳುವುದಿಲ್ಲ. ಇದು ನಮ್ಮಲ್ಲಿ ಮಾತ್ರ ಇರುವ ಸಂಗತಿಯಲ್ಲ, ಲೋಕದ ಎಲ್ಲ ಆಸ್ಪತ್ರೆಗಳಲ್ಲೂ ಹೀಗೇ. ಆದರೆ ನಮ್ಮ ಹಳ್ಳಿಯ ಆಸ್ಪತ್ರೆಗಳಲ್ಲಿ ಅದರ ಬೇರು ಇನ್ನೂ ಆಳಕ್ಕಿದೆ. ಗುತ್ತಿಗೆಯ ಮೇಲಿರುವ ನರ್ಸ್‌ಗೆ, ಹೇಳಿದರೆ ತನ್ನ ಅಜಾಗರೂಕತೆ ಎಂದಾರು ಎಂಬ ಭಯ. ರಾತ್ರಿ ಪಾಳಿಯಲ್ಲಿ ಒಬ್ಬಳೇ ಇದ್ದವಳಿಗೆ ಹೆರಿಗೆಯ ಹೆಂಗಸನ್ನು ಬಿಟ್ಟು ಹೋಗುವುದು ಹೇಗೆಂಬ ಚಿಂತೆ. ಗ್ರೂಪ್ ಡಿ ನೌಕರನಿಗೆ ಇಂಥದ್ದಕ್ಕೆ ಔಷಧ ಉಂಟೆಂದೇ ಯಾರೂ ಹೇಳಿರುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಎಚ್‌ಐವಿ ಎಂಬ ಹೆಸರಿನ ಅಂಜಿಕೆ. ಪರೀಕ್ಷೆಗೆ ಹೋದದ್ದನ್ನು ಊರಿನವರು ಕಂಡರೆ ಏನೆಂದಾರು, ಗಂಡನ ಮನೆಗೆ ತಿಳಿದರೆ ಏನಾದೀತು ಎಂಬ ಲೆಕ್ಕಾಚಾರದಲ್ಲೇ ಎರಡು ಗಂಟೆ ಕಳೆದುಹೋಗುತ್ತದೆ, ಮೂರು ದಿನವೂ ಕಳೆದುಹೋಗುತ್ತದೆ.

ಆ ಮೌನದ ಜೊತೆಗೆ ಹಿರಿಯರೊಬ್ಬರ ಸಮಾಧಾನದ ಮಾತೂ ಸೇರಿಕೊಳ್ಳುತ್ತದೆ: 'ಅಯ್ಯೋ ಬಿಡಮ್ಮ, ನಮಗೆಲ್ಲ ಎಷ್ಟು ಸಲ ಚುಚ್ಚಿಲ್ಲ, ಏನೂ ಆಗಲ್ಲ.' ಹೇಳುವವರ ಮನಸ್ಸು ಒಳ್ಳೆಯದೇ. ಬಹುಪಾಲು ಸಲ ಅವರು ಹೇಳಿದಂತೆ ಏನೂ ಆಗುವುದಿಲ್ಲ ಎಂಬುದೂ ನಿಜ. ಆದರೆ ಆಗುವ ಒಂದು ಸಲ ಯಾವುದು ಎಂಬುದು ಸೂಜಿಯ ಮೇಲೆ ಬರೆದಿರುವುದಿಲ್ಲ.

ಮೊದಲ ಹತ್ತು ನಿಮಿಷ

ಚುಚ್ಚಿದ ತಕ್ಷಣ ಕೈಯಲ್ಲಿದ್ದ ಕೆಲಸ ನಿಲ್ಲಿಸಿ. ರೋಗಿಯನ್ನು ಸುರಕ್ಷಿತವಾಗಿ ಬಿಟ್ಟು, ಸೂಜಿಯನ್ನು ಸೂಜಿ ಡಬ್ಬಿಗೆ ಹಾಕಿ, ಕೈಗವಸು ಬಿಚ್ಚಿ ನಲ್ಲಿಯ ಹತ್ತಿರ ಹೋಗಿ. ಹರಿಯುವ ನೀರಿನಲ್ಲಿ, ಮಾಮೂಲಿ ಸೋಪು ಹಚ್ಚಿ ಗಾಯವನ್ನೂ ಸುತ್ತಲಿನ ಚರ್ಮವನ್ನೂ ಚೆನ್ನಾಗಿ ತೊಳೆಯಿರಿ. ಪ್ರಥಮ ಚಿಕಿತ್ಸೆ ಎಂದರೆ ಇಷ್ಟೇ.

ಮಾಡಬಾರದ್ದನ್ನು ಹೆಚ್ಚು ಒತ್ತಿ ಹೇಳಬೇಕಾಗಿದೆ. ಬೆರಳನ್ನು ಬಾಯಿಗಿಟ್ಟು ಚೀಪಬೇಡಿ. ರಕ್ತ ಹೊರಬರಲಿ ಎಂದು ಹಿಂಡಬೇಡಿ. ಹಿಂಡಿದರೆ ವೈರಸ್ ಹೊರಗೆ ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ, ಸುತ್ತಲಿನ ಮಾಂಸಖಂಡಕ್ಕೆ ಪೆಟ್ಟಾಗುವುದು ಮಾತ್ರ ಖಚಿತ. ಸ್ಪಿರಿಟ್, ಅಯೋಡಿನ್, ಬ್ಲೀಚಿಂಗ್ ದ್ರಾವಣ ಸುರಿಯಬೇಡಿ. ಉರಿ ಹೆಚ್ಚಿದಷ್ಟೂ ಔಷಧ ಕೆಲಸ ಮಾಡುತ್ತಿದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಚರ್ಮ ಸುಟ್ಟರೆ ಸೋಂಕಿಗೆ ದಾರಿ ಇನ್ನಷ್ಟು ಅಗಲವಾಗುತ್ತದೆ, ಅಷ್ಟೇ.

ರಕ್ತ ಕಣ್ಣಿಗೆ ಸಿಡಿದರೆ ತಲೆಯನ್ನು ಹಿಂದಕ್ಕೆ ಬಾಗಿಸಿ ಶುದ್ಧ ನೀರು ಅಥವಾ ಸಲೈನ್‌ನಿಂದ ಕೆಲವು ನಿಮಿಷ ತೊಳೆಯಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕಿದ್ದರೆ ಮೊದಲು ಹಾಗೇ ತೊಳೆದು, ಆಮೇಲೆ ತೆಗೆದು ಸ್ವಚ್ಛ ಮಾಡಬೇಕು. ಕಣ್ಣಿಗೆ ಸೋಪು ಬೇಡ. ಬಾಯಿಗೆ ಸಿಡಿದರೆ ಉಗುಳಿ, ಮತ್ತೆ ಮತ್ತೆ ಮುಕ್ಕಳಿಸಿ.

ಇದಾದ ಮೇಲಿನ ಕೆಲಸ ಒಂದೇ: ಹೇಳುವುದು. ಕರ್ತವ್ಯದಲ್ಲಿರುವ ವೈದ್ಯಾಧಿಕಾರಿಗೆ, ಅವರಿಲ್ಲದಿದ್ದರೆ ಫೋನಿನಲ್ಲಿ. ಯಾವ ರೋಗಿಯ ಸೂಜಿ, ಎಷ್ಟು ಹೊತ್ತಿಗೆ ಚುಚ್ಚಿತು, ಎಷ್ಟು ಆಳ, ಸೂಜಿಯ ಮೇಲೆ ರಕ್ತ ಕಾಣುತ್ತಿತ್ತೇ, ಕೈಗವಸು ಹಾಕಿದ್ದಿರೇ ಎಂಬ ವಿವರಗಳು ಚಿಕಿತ್ಸೆಯನ್ನು ತೀರ್ಮಾನಿಸುತ್ತವೆ. ರಕ್ತನಾಳದಿಂದ ಬಂದ ಟೊಳ್ಳು ಸೂಜಿ ಹೊಲಿಗೆಯ ಗಟ್ಟಿ ಸೂಜಿಗಿಂತ ಹೆಚ್ಚು ಅಪಾಯಕಾರಿ, ಯಾಕೆಂದರೆ ಅದರ ಕೊಳವೆಯೊಳಗೆ ರಕ್ತ ಉಳಿದಿರುತ್ತದೆ. ಕೈಗವಸು ಚುಚ್ಚುವುದನ್ನು ತಡೆಯದು, ಆದರೂ ಒಳಗೆ ಹೋಗುವ ರಕ್ತದ ಪ್ರಮಾಣವನ್ನು ತಗ್ಗಿಸುತ್ತದೆ.

ಮೂರು ವೈರಸ್, ಮೂರು ಲೆಕ್ಕ

ಸೂಜಿ ಚುಚ್ಚಿದಾಗ ಎಲ್ಲರ ಮನಸ್ಸಿಗೆ ಮೊದಲು ಬರುವುದು ಎಚ್‌ಐವಿ. ಲೆಕ್ಕ ಹೇಳುವುದು ಬೇರೆಯೇ. ಎಚ್‌ಐವಿ ಇರುವವರ ರಕ್ತದ ಸೂಜಿ 1,000 ಜನರಿಗೆ ಚುಚ್ಚಿದರೆ, ಔಷಧ ತೆಗೆದುಕೊಳ್ಳದಿದ್ದರೂ, ಸೋಂಕು ತಗಲುವುದು ಸುಮಾರು ಮೂವರಿಗೆ. ಹೆಪಟೈಟಿಸ್ ಸಿ ತಗಲುವ ಪ್ರಮಾಣವನ್ನು ಹಳೆಯ ಅಧ್ಯಯನಗಳು ನೂರಕ್ಕೆ ಸುಮಾರು ಎರಡು ಎಂದವು, ಈಚಿನವು ಅದಕ್ಕಿಂತ ಬಹಳ ಕಡಿಮೆ ಎನ್ನುತ್ತವೆ. ಹೆಪಟೈಟಿಸ್ ಬಿ ಮಾತ್ರ ಲಸಿಕೆ ಹಾಕಿಸಿಕೊಳ್ಳದವರಲ್ಲಿ ನೂರಕ್ಕೆ 6ರಿಂದ 30 ಮಂದಿಗೆ ತಗಲುತ್ತದೆ. ನಾವು ಹೆಸರು ಕೇಳಿ ನಡುಗುವ ವೈರಸ್‌ಗಿಂತ ನಾವು ನೆನೆಯದ ವೈರಸ್ಸೇ ಹತ್ತಾರು ಪಟ್ಟು ಸಲೀಸಾಗಿ ಒಳಗೆ ಬರುತ್ತದೆ.

ಹೆಪಟೈಟಿಸ್ ಬಿ ಯಕೃತ್ತಿನ ರೋಗ. ಹಳ್ಳಿಯಲ್ಲಿ ಕಾಮಾಲೆ ಎಂದು ನಾಟಿ ಔಷಧಕ್ಕೆ ಓಡುವ ಎಷ್ಟೋ ಪ್ರಕರಣಗಳ ಹಿಂದೆ ಇದೂ ಇರುತ್ತದೆ. ಕೆಲವರಲ್ಲಿ ಅದು ಸದ್ದಿಲ್ಲದೆ ಉಳಿದು, ವರ್ಷಗಳ ಮೇಲೆ ಸಿರೋಸಿಸ್ ಅಥವಾ ಯಕೃತ್ತಿನ ಕ್ಯಾನ್ಸರ್ ಆಗಿ ಕಾಣಿಸಿಕೊಳ್ಳುತ್ತದೆ. ಒಣಗಿದ ರಕ್ತದಲ್ಲಿಯೂ ಈ ವೈರಸ್ ಕನಿಷ್ಠ ಏಳು ದಿನ ಬದುಕಿರಬಲ್ಲದು. ಹಾಗಾಗಿ ಕಸದ ಚೀಲದಲ್ಲಿ ಸಿಕ್ಕ ಹಳೆಯ ಸೂಜಿಯನ್ನೂ ಹಗುರವಾಗಿ ಕಾಣುವಂತಿಲ್ಲ.

ಸಮಾಧಾನದ ಸಂಗತಿಯೆಂದರೆ ಇದಕ್ಕೆ ಒಳ್ಳೆಯ ಲಸಿಕೆ ಇದೆ. ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ ಹೀಗೆ ಮೂರು ಡೋಸ್. ಮೂರನೆಯದಾದ ಒಂದೆರಡು ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯದ ಮಟ್ಟ ನೋಡಿಸಬೇಕು. ಅದು 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ಕಾಗದವನ್ನು ಜೋಪಾನವಾಗಿಡಿ. ಮುಂದೆ ಎಂದಾದರೂ ಸೂಜಿ ಚುಚ್ಚಿದರೆ ಹೆಪಟೈಟಿಸ್ ಬಿ ಬಗ್ಗೆ ಚಿಂತಿಸಬೇಕಾಗಿಲ್ಲ. ದೇಶದಾದ್ಯಂತ ಮಕ್ಕಳ ಲಸಿಕಾ ಪಟ್ಟಿಗೆ ಹೆಪಟೈಟಿಸ್ ಬಿ ಸೇರಿದ್ದು 2011ರಲ್ಲಿ. ಅಂದರೆ ಇಂದು ಆಸ್ಪತ್ರೆಗಳಲ್ಲಿ ದುಡಿಯುತ್ತಿರುವ ಹೆಚ್ಚಿನವರಿಗೆ ಬಾಲ್ಯದಲ್ಲಿ ಈ ಲಸಿಕೆ ಸಿಕ್ಕಿಲ್ಲ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಆರೋಗ್ಯ ಸಿಬ್ಬಂದಿಗೆ ಈ ಲಸಿಕೆ ಕೊಡುವ ಏರ್ಪಾಡು ಇದೆ. ಕೇಳಿ ಹಾಕಿಸಿಕೊಳ್ಳಬೇಕು. ಒಂದೋ ಎರಡೋ ಡೋಸ್ ಹಾಕಿಸಿಕೊಂಡು ಮೂರನೆಯದನ್ನು ಮರೆತವರು ಈಗಲಾದರೂ ಮುಗಿಸಬೇಕು.

ಲಸಿಕೆಯಿಲ್ಲದವರಿಗೆ ಚುಚ್ಚಿದ್ದು ಹೆಪಟೈಟಿಸ್ ಬಿ ಇರುವ ರೋಗಿಯ ಸೂಜಿಯಾದರೆ ದಾರಿ ಮುಚ್ಚಿದಂತಲ್ಲ. ಸಿದ್ಧ ಪ್ರತಿಕಾಯಗಳ ಇಮ್ಯುನೋಗ್ಲಾಬ್ಯುಲಿನ್ ಇಂಜೆಕ್ಷನ್ ಇದೆ. ಆದಷ್ಟೂ 24 ಗಂಟೆಯೊಳಗೆ ಅದನ್ನು ಕೊಟ್ಟು, ಅದೇ ಹೊತ್ತಿಗೆ ಇನ್ನೊಂದು ತೋಳಿಗೆ ಲಸಿಕೆಯ ಮೊದಲ ಡೋಸ್ ಹಾಕುತ್ತಾರೆ. ಏಳು ದಿನ ದಾಟಿದರೆ ಅದರಿಂದ ಲಾಭ ಸಂದೇಹ.

ಹೆಪಟೈಟಿಸ್ ಸಿಗೆ ಲಸಿಕೆಯೂ ಇಲ್ಲ, ಮುಂಜಾಗ್ರತೆಯ ಮಾತ್ರೆಯೂ ಇಲ್ಲ. ಆದರೆ ಸೋಂಕು ತಗಲಿದ್ದನ್ನು ಪರೀಕ್ಷೆಯಲ್ಲಿ ಬೇಗ ಹಿಡಿದರೆ ಸುಮಾರು 12 ವಾರಗಳ ಮಾತ್ರೆಯಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಪೂರ್ತಿ ಗುಣವಾಗುತ್ತಾರೆ. ಬೇಕಾಗಿರುವುದು ಹೇಳಿದ ದಿನಕ್ಕೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳುವ ಶಿಸ್ತು.

28 ದಿನದ ಮಾತ್ರೆ

ಸೂಜಿ ಚುಚ್ಚಿ ಎಚ್‌ಐವಿ ತಗಲಿದ ಮೊದಲ ಪ್ರಕರಣ 1984ರಲ್ಲಿ ಇಂಗ್ಲೆಂಡಿನಿಂದ ವರದಿಯಾಯಿತು. ಆಗ ಚುಚ್ಚಿಸಿಕೊಂಡವರಿಗೆ ಕಾಯುವುದೊಂದೇ ದಾರಿ. 1997ರಲ್ಲಿ ಅಮೆರಿಕ ಮತ್ತು ಯುರೋಪಿನ ಪ್ರಕರಣಗಳನ್ನು ಹೋಲಿಸಿ ನೋಡಿದ ಅಧ್ಯಯನವೊಂದು, ಚುಚ್ಚಿದ ಬಳಿಕ ಜಿಡೊವುಡಿನ್ ತೆಗೆದುಕೊಂಡವರಲ್ಲಿ ಸೋಂಕಿನ ಸಾಧ್ಯತೆ ಶೇ 81ರಷ್ಟು ಇಳಿದದ್ದನ್ನು ತೋರಿಸಿತು. ಆಳವಾದ ಗಾಯ, ಸೂಜಿಯ ಮೇಲೆ ಕಣ್ಣಿಗೆ ಕಾಣುವ ರಕ್ತ, ರಕ್ತನಾಳದಲ್ಲಿದ್ದ ಸೂಜಿ, ರೋಗ ಬಲಿತ ರೋಗಿ, ಇವು ಅಪಾಯವನ್ನು ಹೆಚ್ಚಿಸುತ್ತವೆ ಎಂಬುದೂ ಅದೇ ಅಧ್ಯಯನದಿಂದ ತಿಳಿಯಿತು.

ಆಸ್ಪತ್ರೆಯವರು 'ಪೆಪ್' ಎಂದು ಕರೆಯುವ ಈ ಮುಂಜಾಗ್ರತಾ ಚಿಕಿತ್ಸೆ ಈಗ ಬಹಳ ಸುಲಭವಾಗಿದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯಾದ ನ್ಯಾಕೊದ ಈಗಿನ ಮಾರ್ಗಸೂಚಿಯಂತೆ ದೊಡ್ಡವರಿಗೆ ಟೆನೊಫೊವಿರ್ 300 ಮಿಲಿಗ್ರಾಂ, ಲ್ಯಾಮಿವುಡಿನ್ 300 ಮಿಲಿಗ್ರಾಂ, ಡೊಲುಟೆಗ್ರಾವಿರ್ 50 ಮಿಲಿಗ್ರಾಂ, ಈ ಮೂರೂ ಸೇರಿದ ಒಂದೇ ಮಾತ್ರೆ. ದಿನಕ್ಕೊಂದು, 28 ದಿನ. ಮೊದಲಿಗೆ ವಾಕರಿಕೆ, ತಲೆನೋವು, ನಿದ್ದೆಗೇಡು ಕಾಣಬಹುದು. ಬಹುತೇಕ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ನಡುವೆ ಬಿಟ್ಟರೆ ಚಿಕಿತ್ಸೆ ಅರ್ಧವಾಗುತ್ತದೆ, ಆದ್ದರಿಂದ ತೊಂದರೆಯಾದರೆ ವೈದ್ಯರಿಗೆ ಹೇಳಿ ಮುಂದುವರಿಸಬೇಕು. ಗರ್ಭಿಣಿಯರಾಗಿದ್ದರೆ, ಎದೆಹಾಲು ಕುಡಿಸುತ್ತಿದ್ದರೆ, ಮೂತ್ರಪಿಂಡದ ತೊಂದರೆಯಿದ್ದರೆ, ಹೆಪಟೈಟಿಸ್ ಬಿ ಇದ್ದರೆ ಮೊದಲೇ ತಿಳಿಸಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಅಥವಾ ಎದೆಯುರಿಯ ಔಷಧ ತೆಗೆದುಕೊಳ್ಳುವವರು ಅದನ್ನೂ ಹೇಳಬೇಕು, ಯಾಕೆಂದರೆ ಅವು ಡೊಲುಟೆಗ್ರಾವಿರ್ ಮೈಗೆ ಹತ್ತದಂತೆ ತಡೆಯುತ್ತವೆ. ಎರಡಕ್ಕೂ ಎಷ್ಟು ಗಂಟೆಯ ಅಂತರ ಬೇಕೆಂದು ವೈದ್ಯರು ಹೇಳುತ್ತಾರೆ.

ರೋಗಿಯ ಪರೀಕ್ಷೆಯ ಫಲಿತಾಂಶ ಬರಲಿ ಎಂದು ಕಾಯುವುದು ಸಾಮಾನ್ಯವಾಗಿ ಆಗುವ ತಪ್ಪು. ಅಪಾಯವಿದೆ ಎಂದು ವೈದ್ಯರಿಗೆ ಅನ್ನಿಸಿದರೆ ಮೊದಲ ಮಾತ್ರೆ ನುಂಗಿಯೇ ಕಾಯಬೇಕು. ರೋಗಿಗೆ ಎಚ್‌ಐವಿ ಇಲ್ಲವೆಂದು ಗೊತ್ತಾದರೆ ಔಷಧ ನಿಲ್ಲಿಸಬಹುದು. ನುಂಗಿದ ಒಂದು ಮಾತ್ರೆಯಿಂದ ನಷ್ಟವಿಲ್ಲ, ತಪ್ಪಿದ ಎರಡು ಗಂಟೆ ಮಾತ್ರ ಮರಳಿ ಬರುವುದಿಲ್ಲ.

ಚುಚ್ಚಿಸಿಕೊಂಡವರ ರಕ್ತವನ್ನೂ ಅದೇ ದಿನ ಪರೀಕ್ಷಿಸುತ್ತಾರೆ. ಇದು ಅನುಮಾನದ ಪರೀಕ್ಷೆಯಲ್ಲ, ಅವರ ಹಿತಕ್ಕಾಗಿಯೇ ಮಾಡುವಂಥದ್ದು. ಚುಚ್ಚುವ ಮುನ್ನ ಸೋಂಕಿರಲಿಲ್ಲ ಎಂಬುದಕ್ಕೆ ಆ ಕಾಗದವೇ ಪುರಾವೆ. ಮುಂದೆ ಆರು ವಾರ, ಮೂರು ತಿಂಗಳು, ಆರು ತಿಂಗಳಿಗೆ ಮತ್ತೆ ಪರೀಕ್ಷೆ. ಆ ಅವಧಿಯಲ್ಲಿ ರಕ್ತದಾನ ಬೇಡ, ಗಂಡ ಹೆಂಡತಿ ಕಾಂಡೋಮ್ ಬಳಸಬೇಕು. ಕೆಲಸಕ್ಕೆ ಎಂದಿನಂತೆ ಹೋಗಬಹುದು, ಮನೆಯಲ್ಲಿ ಎಂದಿನಂತೆ ಉಣ್ಣಬಹುದು, ಮಕ್ಕಳನ್ನು ಎತ್ತಿಕೊಳ್ಳಬಹುದು.

ಆ ರೋಗಿಯ ಮಾನವೂ ಮಾನವೇ

ಸೂಜಿ ಯಾರಿಗೆ ಬಳಸಿದ್ದೋ ಅವರ ರಕ್ತ ಪರೀಕ್ಷೆ ಮಾಡಿದರೆ ಚಿಕಿತ್ಸೆಯ ತೀರ್ಮಾನ ಸುಲಭ. ಆದರೆ ಅವರಿಗೆ ತಿಳಿಸಿ, ಒಪ್ಪಿಗೆ ಪಡೆದೇ ಮಾಡಬೇಕು. 2017ರ ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ ಹೀಗೆಂದು ಸ್ಪಷ್ಟವಾಗಿ ಹೇಳುತ್ತದೆ. ಬೇರೆ ಪರೀಕ್ಷೆಗೆ ತೆಗೆದ ರಕ್ತದಲ್ಲಿ ಗುಟ್ಟಾಗಿ ನೋಡಿಬಿಡೋಣ ಎಂಬುದು ತಪ್ಪು. 'ನಮ್ಮ ಸಿಸ್ಟರ್‌ಗೆ ಸೂಜಿ ಚುಚ್ಚಿದೆ, ನಿಮ್ಮ ರಕ್ತ ನೋಡಿದರೆ ಅವರಿಗೆ ಯಾವ ಔಷಧ ಬೇಕೆಂದು ತಿಳಿಯುತ್ತದೆ, ವಿಷಯ ಯಾರಿಗೂ ಹೋಗುವುದಿಲ್ಲ' ಎಂದು ಕೂರಿಸಿ ಹೇಳಿದರೆ ಬಹುತೇಕರು ಒಪ್ಪುತ್ತಾರೆ. ಒಪ್ಪದಿದ್ದರೆ ಸೋಂಕು ಗೊತ್ತಿಲ್ಲದ ಪ್ರಕರಣವೆಂದು ತಿಳಿದು ಚಿಕಿತ್ಸೆ ನಡೆಸಬೇಕು. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರಿನಲ್ಲಿ ಒಬ್ಬರ ಫಲಿತಾಂಶ ಚಹಾದಂಗಡಿ ಮುಟ್ಟಿದರೆ ಆ ಮನೆಯ ಬದುಕೇ ಹಾಳಾದೀತು. ಚುಚ್ಚಿಸಿಕೊಂಡವರ ಗುಟ್ಟಿಗೂ ಇದೇ ಮಾತು.

ಅದೇ ಕಾಯ್ದೆ ಆಸ್ಪತ್ರೆಗಳ ಮೇಲೂ ಹೊಣೆ ಹೊರಿಸಿದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಈ ಕಾಯ್ದೆಯ 19ನೇ ಕಲಂ ಪ್ರಕಾರ, ಸೋಂಕು ತಗಲಬಹುದಾದ ಕೆಲಸದಲ್ಲಿರುವ ಪ್ರತಿಯೊಬ್ಬರಿಗೂ ರಕ್ಷಣಾ ಸಾಮಗ್ರಿ, ತರಬೇತಿ, ಚುಚ್ಚಿದ ಮೇಲಿನ ಪೆಪ್ ಚಿಕಿತ್ಸೆ ಒದಗಿಸುವುದು ಸಂಸ್ಥೆಯ ಕರ್ತವ್ಯ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು, ತ್ಯಾಜ್ಯ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ, ಅವಘಡಗಳ ದಾಖಲೆ ಕಡ್ಡಾಯ ಎನ್ನುತ್ತವೆ. ಹತ್ತು ಹಾಸಿಗೆಯ ಆಸ್ಪತ್ರೆಗೂ, ಒಂದು ಕೋಣೆಯ ಕ್ಲಿನಿಕ್ಕಿಗೂ, ಲ್ಯಾಬಿಗೂ, ಪಶು ಆಸ್ಪತ್ರೆಗೂ, ಊರಿನ ಲಸಿಕಾ ಶಿಬಿರಕ್ಕೂ, ರಕ್ತದಾನ ಶಿಬಿರಕ್ಕೂ ಈ ನಿಯಮ ಅನ್ವಯ. ಪೆಪ್ ಕೇಳುವುದು ಉಪಕಾರ ಬೇಡಿದಂತಲ್ಲ, ಅದು ಹಕ್ಕು.

ದನದ ಕೊಟ್ಟಿಗೆಯ ಸೂಜಿ

ಜಗಳೂರು ಸೀಮೆಯಲ್ಲಿ ಸೂಜಿಯ ಮಾತು ಆಸ್ಪತ್ರೆಗೆ ಮುಗಿಯುವುದಿಲ್ಲ. ಕುರಿ, ಎಮ್ಮೆ, ದನಗಳೇ ಬರಗಾಲದ ಆಸರೆಯಾದ ಕಡೆ ಕೊಟ್ಟಿಗೆಯಲ್ಲಿಯೂ ಸಿರಿಂಜು ಓಡಾಡುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ರೋಗ ಮತ್ತು ಕಂದುರೋಗ, ಅಂದರೆ ಬ್ರುಸೆಲ್ಲೋಸಿಸ್, ಎರಡಕ್ಕೂ ಮನೆಮನೆಗೆ ಹೋಗಿ ಲಸಿಕೆ ಹಾಕುತ್ತಾರೆ. ಒದೆಯುವ ಹಸು, ಎಳೆದಾಡುವ ಕರು, ಹಗ್ಗ ಹಿಡಿದ ಮಾಲೀಕ. ಇಂಥ ಹೊತ್ತಿನಲ್ಲಿ ಸೂಜಿ ಮನುಷ್ಯನ ಕೈಗೆ ಇಳಿಯುವುದು ಅಪರೂಪವಲ್ಲ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಹಾಕುವ ಬ್ರುಸೆಲ್ಲಾ ಎಸ್-19 ಲಸಿಕೆಯಲ್ಲಿ ಜೀವಂತ ಬ್ಯಾಕ್ಟೀರಿಯಾ ಇದೆ. ಕರುವಿಗೆ ರಕ್ಷಣೆ ಕೊಡುವ ಅದೇ ಹನಿ ಮನುಷ್ಯನ ಮೈಗೆ ಹೋದರೆ ಬ್ರುಸೆಲ್ಲೋಸಿಸ್ ತರಬಲ್ಲದು: ಬಂದು ಹೋಗುವ ಜ್ವರ, ಬೆವರು, ಕೀಲುನೋವು, ತಿಂಗಳುಗಟ್ಟಲೆ ಸುಸ್ತು. ಕಣ್ಣಿಗೆ ಸಿಡಿದರೂ ಇದೇ ಅಪಾಯ. ವೈದ್ಯರಲ್ಲಿಗೆ ಹೋಗಿ 'ಎಸ್-19 ಲಸಿಕೆ ಚುಚ್ಚಿದೆ' ಎಂದೇ ಹೇಳಬೇಕು. ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್ ಎರಡನ್ನೂ 21 ದಿನ ಕೊಟ್ಟು, ಆಮೇಲೂ ಕೆಲವು ತಿಂಗಳು ರಕ್ತ ಪರೀಕ್ಷೆ ಮಾಡುತ್ತಾರೆ. ಔಷಧದಂಗಡಿಯಲ್ಲಿ ಜ್ವರದ ಮಾತ್ರೆ ತೆಗೆದುಕೊಂಡು ಸುಮ್ಮನಾಗುವ ಸಂಗತಿ ಇದಲ್ಲ.

ಇನ್ನೊಂದು, ಎಣ್ಣೆ ಬೆರೆಸಿದ ಲಸಿಕೆ. ಕಾಲುಬಾಯಿ ರೋಗದ ಲಸಿಕೆ ಸಾಮಾನ್ಯವಾಗಿ ಈ ಬಗೆಯದು. ಅದರಿಂದ ಮನುಷ್ಯರಿಗೆ ಕಾಲುಬಾಯಿ ರೋಗ ಬರುವುದಿಲ್ಲ. ಆದರೆ ಎಣ್ಣೆ ಬೆರಳಿನೊಳಗೆ ಹೊಕ್ಕರೆ ಭಾರಿ ಊತ ಬಂದು ರಕ್ತ ಸಂಚಾರವೇ ನಿಲ್ಲಬಹುದು, ಬೆರಳನ್ನೇ ಕಳೆದುಕೊಳ್ಳಬಹುದು. ಮೊದಲಿಗೆ ನೋವು ಕಡಿಮೆಯಿದ್ದರೂ ಇದು ಶಸ್ತ್ರಚಿಕಿತ್ಸಕರು ಕೂಡಲೇ ನೋಡಬೇಕಾದ ಗಾಯ. ಲಸಿಕೆಯ ಬಾಟಲಿಯನ್ನೋ ಅದರ ಪೊಟ್ಟಣವನ್ನೋ ಜೊತೆಗೆ ಒಯ್ಯಿರಿ. ಅರಿಸಿನ ಹಚ್ಚಿ ಬಟ್ಟೆ ಸುತ್ತಿ ರಾತ್ರಿ ಕಳೆಯಬೇಡಿ.

ಮನೆಯ ಕಸ, ಊರಿನ ಗಾಡಿ

ಸಕ್ಕರೆ ಕಾಯಿಲೆ ಈಗ ಹಳ್ಳಿಗೂ ಬಂದಿದೆ, ಅದರ ಜೊತೆ ಇನ್ಸುಲಿನ್ ಸೂಜಿಯೂ. ಬಳಸಿದ ಸೂಜಿಯನ್ನು ಕಾಗದದಲ್ಲಿ ಸುತ್ತಿ ತಿಪ್ಪೆಗೆಸೆದರೆ ಅದು ಆಡುವ ಮಗುವಿನ ಕಾಲಿಗೋ ಕಸ ಬೇರ್ಪಡಿಸುವ ಹೆಣ್ಣುಮಗಳ ಕೈಗೋ ಚುಚ್ಚುತ್ತದೆ. ಆಕೆ ಯಾವ ಆಸ್ಪತ್ರೆಯ ಸಿಬ್ಬಂದಿಯೂ ಅಲ್ಲ. ಆಕೆಗೆ ಪೆಪ್ ಎಂಬ ಹೆಸರೂ ಗೊತ್ತಿರುವುದಿಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯ ಸೂಜಿ, ಸಿರಿಂಜುಗಳನ್ನು ಅಪಾಯಕಾರಿ ಗೃಹತ್ಯಾಜ್ಯವೆಂದು ಪ್ರತ್ಯೇಕವಾಗಿಡಲು ಹೇಳಿದ್ದವು. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಸೂಜಿಗಳನ್ನು ಹಾಕುತ್ತ ಹೋಗಿ, ಮುಕ್ಕಾಲು ತುಂಬಿದಾಗ ಮುಚ್ಚಳ ಬಿಗಿದು, ಮೇಲೆ 'ಸೂಜಿ' ಎಂದು ದೊಡ್ಡದಾಗಿ ಬರೆದು, ಹತ್ತಿರದ ಆಸ್ಪತ್ರೆಯಲ್ಲಿ ಕೇಳಿ ಒಪ್ಪಿಸಿ. ಕುರಿ, ದನಕ್ಕೆ ಬಳಸಿದ ಸೂಜಿಗೂ ಇದೇ ಕ್ರಮ.

ಕಸದಲ್ಲಿ ಬಿದ್ದಿದ್ದ ಸೂಜಿಯಿಂದ ಎಚ್‌ಐವಿ ತಗಲುವ ಸಾಧ್ಯತೆ ತೀರಾ ಕಡಿಮೆ. ಆದರೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯುವಿನ ರಕ್ಷಣೆ ಬೇಕೇ ಬೇಕು. ಆದ್ದರಿಂದ ಮಗುವಿಗೆ ಚುಚ್ಚಿದರೂ ತೊಳೆದು ನೇರ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಚುಚ್ಚದಂತೆ ನೋಡಿಕೊಳ್ಳುವುದು

ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವ ಘಳಿಗೆಗಳು ಗೊತ್ತಿರುವಂಥವೇ: ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕುವಾಗ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡುವಾಗ, ರೋಗಿ ಏಕಾಏಕಿ ಕೈ ಎಳೆದಾಗ, ತುಂಬಿದ ಡಬ್ಬಿಗೆ ಒತ್ತಿ ತುರುಕುವಾಗ, ಸಾಮಾನ್ಯ ಕಸದ ಚೀಲ ಎತ್ತುವಾಗ. ಬಳಸಿದ ಸೂಜಿಗೆ ಕ್ಯಾಪ್ ಹಾಕುವುದನ್ನು ಬಿಟ್ಟರೆ ಇವುಗಳಲ್ಲಿ ದೊಡ್ಡ ಪಾಲು ತಪ್ಪುತ್ತದೆ. ಬಿಳಿಯ, ಚುಚ್ಚಲಾರದ ಗಟ್ಟಿ ಡಬ್ಬಿ ಇಂಜೆಕ್ಷನ್ ಕೊಡುವ ಜಾಗದಲ್ಲೇ, ಕೈಗೆಟುಕುವಂತೆ ಇರಬೇಕು. ಕೋಣೆಯ ಆಚೆ ಮೂಲೆಯಲ್ಲಿದ್ದರೆ ಸೂಜಿಯನ್ನು ಕೈಯಲ್ಲಿ ಹಿಡಿದು ಅಷ್ಟು ದೂರ ನಡೆಯಬೇಕಾಗುತ್ತದೆ.

ನಮ್ಮ ಲಸಿಕಾ ಕಾರ್ಯಕ್ರಮ 2005ರ ನಂತರ ಒಮ್ಮೆ ಬಳಸಿದರೆ ತಾನೇ ಕೆಡುವ ಸಿರಿಂಜುಗಳಿಗೆ ಬದಲಾಯಿತು. ಅದರಿಂದ ಮಕ್ಕಳಿಗೆ ಬಹಳ ಒಳ್ಳೆಯದಾಯಿತು. ಆದರೆ ಅದು ರೋಗಿಯನ್ನು ಕಾಪಾಡುವ ಸಿರಿಂಜು, ನರ್ಸಿನ ಬೆರಳನ್ನು ಕಾಪಾಡುವುದಲ್ಲ. ಬಳಸಿದ ಕೂಡಲೇ ಸೂಜಿ ಒಳಗೆ ಸರಿದುಕೊಳ್ಳುವ ಅಥವಾ ಮುಚ್ಚಿಕೊಳ್ಳುವ ಸಿರಿಂಜುಗಳು ಬೇರೆ ಇವೆ. ಅಮೆರಿಕ 2000ದಲ್ಲಿಯೇ ಕಾಯ್ದೆ ತಂದು ಅವುಗಳ ಬಳಕೆಗೆ ಒತ್ತು ಕೊಟ್ಟಿತು, ಯುರೋಪ್ 2010ರಲ್ಲಿ ಅದೇ ದಾರಿ ಹಿಡಿಯಿತು. ನಮ್ಮ ಸರ್ಕಾರ ಸಿರಿಂಜು ಖರೀದಿಸುವಾಗ ಹೆರಿಗೆ ಕೋಣೆ, ತುರ್ತು ವಿಭಾಗ, ಲ್ಯಾಬುಗಳಿಗಾದರೂ ಇವನ್ನೇ ಕೊಳ್ಳಲಿ.

ಜನರ ಪಾಲೂ ಇದರಲ್ಲಿದೆ. 'ಒಂದು ಸೂಜಿ ಹಾಕ್ಬಿಡಿ ಡಾಕ್ಟ್ರೇ' ಎಂಬ ಒತ್ತಾಯ ಕೇಳದ ವೈದ್ಯರಿಲ್ಲ. ಸೂಜಿ ಹಾಕದಿದ್ದರೆ ನೋಡಿದ್ದೇ ಸುಳ್ಳು ಎಂಬ ಭಾವನೆ ಇನ್ನೂ ಇದೆ. ಇಂಡಿಯಾಕ್ಲೆನ್ ಎಂಬ ವೈದ್ಯಕೀಯ ಸಂಶೋಧಕರ ಜಾಲ 2000ದ ದಶಕದ ಆರಂಭದಲ್ಲಿ ನಡೆಸಿದ ಸಮೀಕ್ಷೆ, ದೇಶದಲ್ಲಿ ವರ್ಷಕ್ಕೆ ಸುಮಾರು 300 ಕೋಟಿ ಇಂಜೆಕ್ಷನ್ ಕೊಡಲಾಗುತ್ತದೆ, ಅದರಲ್ಲಿ ಶೇ 60ಕ್ಕೂ ಹೆಚ್ಚು ಅಸುರಕ್ಷಿತ ಎಂದಿತ್ತು. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹೆಪಟೈಟಿಸ್ ಬಿ ಹಬ್ಬಿ ಹಲವರು ಸತ್ತಾಗ ಬೆರಳು ತೋರಿದ್ದು ಮರುಬಳಕೆಯ ಸಿರಿಂಜಿನ ಕಡೆಗೇ. ಮಾತ್ರೆಯಲ್ಲಿ ವಾಸಿಯಾಗುವುದಕ್ಕೆ ಸೂಜಿ ಕೇಳದಿದ್ದರೆ ನಿಮಗೂ ಕ್ಷೇಮ, ಸೂಜಿ ಹಿಡಿದವರಿಗೂ ಕ್ಷೇಮ.

ಬಿಳಿಚೋಡಿನಿಂದಲೇ ಶುರುವಾಗಲಿ

ಹೋಬಳಿ ಆಸ್ಪತ್ರೆಗೆ ಬೇಕಾದದ್ದು ಹೆಚ್ಚೇನಿಲ್ಲ. ಪೆಪ್ ಮಾತ್ರೆಯ ಆರಂಭದ ಕೆಲವು ಡೋಸ್‌ಗಳು ಬೀಗದ ಕಪಾಟಿನಲ್ಲಿರಲಿ, ಬೀಗದ ಕೈ ರಾತ್ರಿ ಪಾಳಿಯವರ ಬಳಿಯೂ ಇರಲಿ. ಮೊದಲ ಮಾತ್ರೆ ಇಲ್ಲೇ ನುಂಗಿ ಆಮೇಲೆ ದಾವಣಗೆರೆಯ ಬಸ್ಸು ಹತ್ತಲಿ. ಇಂಜೆಕ್ಷನ್ ಕೋಣೆಯ ಗೋಡೆಯ ಮೇಲೆ ಕನ್ನಡದಲ್ಲಿ ದೊಡ್ಡ ಅಕ್ಷರದ ಪಟ್ಟಿಯಿರಲಿ: ತೊಳೆಯಿರಿ, ಹೇಳಿ, ಮಾತ್ರೆ ತೆಗೆದುಕೊಳ್ಳಿ, ಯಾರಿಗೆ ಫೋನ್ ಮಾಡಬೇಕು. ಪ್ರತಿಯೊಬ್ಬ ಸಿಬ್ಬಂದಿಯ ಹೆಪಟೈಟಿಸ್ ಬಿ ಲಸಿಕೆಯ ಮೂರು ತಾರೀಖೂ ಒಂದು ಪುಸ್ತಕದಲ್ಲಿ ಬರೆದಿರಲಿ. ಅದರಲ್ಲಿ ಗ್ರೂಪ್ ಡಿ ನೌಕರರ, ಆಂಬುಲೆನ್ಸ್ ಚಾಲಕರ, ಕಸದ ಗಾಡಿಯವರ ಹೆಸರೂ ಇರಲಿ. ಚುಚ್ಚಿದ್ದನ್ನು ಹೇಳಿದವರಿಗೆ ನೋಟಿಸ್ ಬರುವುದಿಲ್ಲ ಎಂದು ವೈದ್ಯಾಧಿಕಾರಿ ಎಲ್ಲರೆದುರು ಬಾಯಿಬಿಟ್ಟು ಹೇಳಲಿ. ಈ ಕೊನೆಯ ಕೆಲಸಕ್ಕೆ ಒಂದು ರೂಪಾಯಿಯೂ ಬೇಡ, ಎಲ್ಲಕ್ಕಿಂತ ಹೆಚ್ಚು ಜೀವ ಉಳಿಸುವುದು ಅದೇ.

ಚುಚ್ಚಿಸಿಕೊಂಡ ತಂಗಿಗೆ, ತಮ್ಮನಿಗೆ ನನ್ನ ಮಾತು ಇಷ್ಟೇ. ತಪ್ಪು ನಿಮ್ಮದಲ್ಲ, ಸೂಜಿ ಹಿಡಿಯುವ ಕೆಲಸದಲ್ಲಿ ಇಂಥದ್ದು ಆಗುತ್ತದೆ. ನಾಚಿಕೆ ಬೇಡ, ನಾಳೆಯವರೆಗೆ ಕಾಯುವುದೂ ಬೇಡ. ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ ಎಚ್‌ಐವಿ ಕುರಿತ ಉಚಿತ ಸಹಾಯವಾಣಿ 1097ಕ್ಕೆ ಫೋನ್ ಮಾಡಿ. ತೊಳೆಯಿರಿ, ಹೇಳಿ, ಎರಡು ಗಂಟೆಯೊಳಗೆ ಮಾತ್ರೆ ನುಂಗಿ.